ಸಂಜೆಗೆ ಮರಳಬಹುದಾದ ಪರದೇಶ

ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಒಂದು ಆಸ್ಟ್ರಿಯಾದ ರಾಜಧಾನಿ, ಇನ್ನೊಂದು ಸ್ಲೊವಾಕಿಯಾದ್ದು. ರೋಮ್ ನಗರದ ಹೊಟ್ಟೆಯೊಳಗೇ ಇರುವ ವ್ಯಾಟಿಕನ್ನನ್ನು ಬಿಟ್ಟರೆ ಯುರೋಪಿನಲ್ಲಿ ಇಷ್ಟು ಹತ್ತಿರವಿರುವ ಎರಡು ರಾಜಧಾನಿಗಳು ಬೇರೆಲ್ಲೂ ಇಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಪಕ್ಕದ ದೇಶದಲ್ಲಿ ಊಟ ಮಾಡಿ, ಊರು ಸುತ್ತಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದು. ಇದನ್ನು ಕೇಳಿದ ಕೂಡಲೇ ನಮಗೆ ತೋರುವುದು ಅಲ್ಲಿನ ರೈಲುಗಳ ವೇಗ, ಅಲ್ಲಿನವರ ತಂತ್ರಜ್ಞಾನ, ಅಲ್ಲಿನ ದುಡ್ಡು. ನಿಜ ಸಂಗತಿ ಬೇರೆಯೇ ಇದೆ. ಸುಮಾರು ಅರವತ್ತು ಕಿಲೋಮೀಟರಿಗೆ ಒಂದು ಗಂಟೆ ಅಂದರೆ ಅದು ಬೆಂಗಳೂರು–ತುಮಕೂರು ನಡುವಿನ ರೈಲಿನ ಲೆಕ್ಕ. ಮಾರ್ಖೆಗ್ ಊರಿನ ಮೇಲೆ ಹಾದುಹೋಗುವ ಹಳಿ ತೀರಾ ಈಚಿನವರೆಗೂ ಬಹುಪಾಲು ಒಂಟಿ ಹಳಿಯಾಗಿತ್ತು, ಅದರ ಮೇಲೆ ಓಡುತ್ತಿದ್ದದ್ದು ಡೀಸೆಲ್ ಎಂಜಿನ್. ಈ ಒಂದು ದಿನದ ಪ್ರಯಾಣವನ್ನು ಸಾಧ್ಯ ಮಾಡಿದ್ದು ರೈಲಿನ ಓಟವಲ್ಲ. ಹೋದವರು ಸಂಜೆಗೆ ಮರಳಿ ಬರುತ್ತಾರೆ ಎಂದು ಎರಡು ಸರ್ಕಾರಗಳು ನಂಬಿದ್ದು ಅದನ್ನು ಸಾಧ್ಯ ಮಾಡಿತು. ಗಡಿಯ ಬಗ್ಗೆ ಮಾತಾಡುವಾಗ ನಾವು ಹೋಗುವ ಸ್ವಾತಂತ್ರ್ಯದ ಬಗ್ಗೆಯೇ ಹೆಚ್ಚು ಹೇಳುತ್ತೇವೆ. ಮರಳಿ ಬರುವ ಸ್ವಾತಂತ್ರ್ಯ ಅದಕ್ಕಿಂತ ದೊಡ್ಡದು, ಅದಕ್ಕಿಂತ ಅಪರೂಪದ್ದು ಎಂಬುದನ್ನು ಈ ಹಳಿಯ ನೂರು ಚಿಲ್ಲರೆ ವರ್ಷಗಳ ಕಥೆ ತೋರಿಸಿಕೊಡುತ್ತದೆ.

ಇವತ್ತಿನ ಪ್ರಯಾಣ ಹೇಗಿದೆ ಎಂದು ಮೊದಲು ನೋಡೋಣ. ವಿಯೆನ್ನಾದ ಮುಖ್ಯ ನಿಲ್ದಾಣದಿಂದ ಎರಡು ದಾರಿಗಳಿವೆ. ಒಂದು ಡ್ಯಾನ್ಯೂಬ್ ನದಿಯ ಉತ್ತರಕ್ಕೆ, ಮಾರ್ಖೆಗ್ ಮೇಲೆ ಹಾದು ಬ್ರಾಟಿಸ್ಲಾವಾದ ಮುಖ್ಯ ನಿಲ್ದಾಣ ಸೇರುತ್ತದೆ. ಇನ್ನೊಂದು ದಕ್ಷಿಣಕ್ಕೆ, ಪಾರ್ನ್‌ಡೋರ್ಫ್, ಕಿಟ್ಸೆ ಊರುಗಳನ್ನು ಹಾದು ನಗರದ ಪೆಟ್ರ್‌ಜಾಲ್ಕಾ ಬಡಾವಣೆಯಲ್ಲಿ ಇಳಿಸುತ್ತದೆ. ಹೋಗಿಬರುವ ವಿಶೇಷ ಟಿಕೆಟ್ಟಿನಲ್ಲಿ ಬ್ರಾಟಿಸ್ಲಾವಾದ ಬಸ್ಸು, ಟ್ರಾಮುಗಳ ಓಡಾಟವೂ ಸೇರಿರುತ್ತದೆ. ಉತ್ತರದ ದಾರಿಯಲ್ಲಿ ಮಾರ್ಖೆಗ್ ದಾಟಿದ ಮೇಲೆ ಒಂದು ಸಾಧಾರಣ ಸೇತುವೆ ಬರುತ್ತದೆ; ಕೆಳಗೆ ಮೊರಾವಾ ನದಿ. ಅದೇ ಗಡಿ. ಮಾಮೂಲಿ ದಿನಗಳಲ್ಲಿ ರೈಲು ಅಲ್ಲಿ ತಪಾಸಣೆಗೆಂದು ನಿಲ್ಲುವುದಿಲ್ಲ, ಅಧಿಕಾರಿಗಳು ಹತ್ತುವುದಿಲ್ಲ, ಯಾರೂ ಯಾರ ಮುಖವನ್ನೂ ಫೋಟೊದೊಂದಿಗೆ ತಾಳೆ ನೋಡುವುದಿಲ್ಲ. ಮೊಬೈಲಿಗೆ ಬೇರೆ ದೇಶದ ಜಾಲದ ಸಂದೇಶ ಬಂದಾಗಲೇ ಎಷ್ಟೋ ಜನಕ್ಕೆ ದೇಶ ಬದಲಾದದ್ದು ಗೊತ್ತಾಗುವುದು. ನಮ್ಮ ಕಡೆಯಿಂದ ವಿಯೆನ್ನಾಕ್ಕೆ ಹೋದವರಿಗೂ ಇದು ಅನ್ವಯಿಸುತ್ತದೆ: ಒಂದೇ ಸಲದ ಪ್ರವೇಶಕ್ಕೆ ಕೊಟ್ಟ ಶೆಂಗೆನ್ ವೀಸಾ ಇದ್ದರೂ ಸಾಕು, ಎರಡು ದೇಶಗಳೂ ಅದೇ ವಲಯದೊಳಗೆ ಇರುವುದರಿಂದ ಬ್ರಾಟಿಸ್ಲಾವಾಕ್ಕೆ ಹೋಗಿಬಂದದ್ದು ಎರಡನೆಯ ಪ್ರವೇಶವೆಂದು ಲೆಕ್ಕಕ್ಕೆ ಬರುವುದಿಲ್ಲ. ಪಾಸ್‌ಪೋರ್ಟ್ ಮಾತ್ರ ಕೈಚೀಲದಲ್ಲಿ ಇರಲೇಬೇಕು.

ಇಳಿದ ಮೇಲೆ ಕಾಣುವ ಊರು ಸಣ್ಣದು, ಒಂದು ದಿನದ ನಡಿಗೆಗೆ ಹೇಳಿ ಮಾಡಿಸಿದಂಥದ್ದು. ಸಂತ ಮಾರ್ಟಿನ್ ಕೆಥೆಡ್ರಲ್‌ನ ಗೋಪುರದ ತುದಿಯಲ್ಲಿ ಶಿಲುಬೆಯ ಜಾಗದಲ್ಲಿ ಚಿನ್ನದ ಲೇಪದ ಕಿರೀಟ ಕೂತಿದೆ. 1563ರಿಂದ 1830ರವರೆಗೆ ಹಂಗೇರಿಯ ದೊರೆಗಳಿಗೆ ಪಟ್ಟ ಕಟ್ಟುತ್ತಿದ್ದದ್ದು ಇಲ್ಲಿಯೇ, 1741ರಲ್ಲಿ ಮರಿಯಾ ತೆರೇಸಾ ಕಿರೀಟ ಧರಿಸಿದ್ದೂ ಇಲ್ಲಿಯೇ. ಆ ಕೆಥೆಡ್ರಲ್‌ಗೆ ಅಂಟಿಕೊಂಡೇ ದೊಡ್ಡ ರಸ್ತೆಯೊಂದು ಹಾದು ಡ್ಯಾನ್ಯೂಬ್ ಮೇಲಿನ ಸೇತುವೆ ಸೇರುತ್ತದೆ. 1972ರಲ್ಲಿ ತೆರೆದ ಆ ಸೇತುವೆಗೆ ದಾರಿ ಮಾಡಲು ಹಳೆಯ ಯಹೂದಿ ಕೇರಿಯನ್ನೂ ಅದರ ಸಿನಗಾಗನ್ನೂ ಕೆಡವಿದರು. ಆ ಕೇರಿಯ ಜನರಲ್ಲಿ ಬಹುಪಾಲು ಅದಕ್ಕೂ ಮೊದಲೇ ನಾಜಿಗಳ ಕಾಲದಲ್ಲಿ ಕೊಲ್ಲಲ್ಪಟ್ಟಿದ್ದರು. ಬೇಕರಿಗಳಲ್ಲಿ ಊರಿನ ಹೆಸರು ಹೊತ್ತ ತಿನಿಸು ಸಿಗುತ್ತದೆ: ಗಸಗಸೆ ತುಂಬಿದ್ದಾದರೆ ಕುದುರೆ ಲಾಳದ ಆಕಾರ, ಆಕ್ರೋಟ ತುಂಬಿದ್ದಾದರೆ ಅರ್ಧಚಂದ್ರದಂತೆ ದುಂಡಗೆ ಬಾಗಿದ್ದು, ಮೇಲೆ ಮೊಟ್ಟೆ ಸವರಿ ಬೇಯಿಸಿದ ಹೊಳಪಿನ ಸಣ್ಣ ಬಿರುಕುಗಳು. ಒಳಗೇನಿದೆ ಎಂದು ಕೇಳಬೇಕಿಲ್ಲ, ಆಕಾರವೇ ಹೇಳುತ್ತದೆ. ಜರ್ಮನ್ ಮಾತಾಡುವವರು ಈ ತಿನಿಸನ್ನು ಈಗಲೂ ಊರಿನ ಹಳೆಯ ಹೆಸರಿನಿಂದ, ಪ್ರೆಸ್‌ಬುರ್ಗ್‌ನ ತಿನಿಸೆಂದೇ ಕರೆಯುತ್ತಾರೆ.

ಆ ಪ್ರೆಸ್‌ಬುರ್ಗ್‌ಗೆ ವಿಯೆನ್ನಾದ ರೈಲು ಮೊದಲು ಬಂದದ್ದು 1848ರಲ್ಲಿ, ಮಾರ್ಖೆಗ್ ಕಡೆಯಿಂದ. ಆದರೆ ಎರಡು ಊರುಗಳನ್ನು ದಿನನಿತ್ಯದ ನೆಂಟರನ್ನಾಗಿ ಮಾಡಿದ್ದು 1914ರ ಫೆಬ್ರವರಿ 5ರಂದು ಶುರುವಾದ ವಿದ್ಯುತ್ ರೈಲು. ವಿಯೆನ್ನಾದ ಪೇಟೆಬೀದಿಯಲ್ಲಿ ಹತ್ತಿ ಪ್ರೆಸ್‌ಬುರ್ಗ್‌ನ ಪೇಟೆಬೀದಿಯಲ್ಲಿ ಇಳಿಯುವಂತೆ ಅದನ್ನು ರೂಪಿಸಿದ್ದರು. ಎರಡೂ ನಗರಗಳೊಳಗೆ ಟ್ರಾಮಿನ ವಿದ್ಯುತ್ತು, ನಡುವಿನ ಬಯಲಿನಲ್ಲಿ ರೈಲ್ವೆಯ ಬೇರೆ ವಿದ್ಯುತ್ತು. ಹೀಗಾಗಿ ವಿಯೆನ್ನಾದ ಅಂಚಿನಲ್ಲೊಮ್ಮೆ, ಪ್ರೆಸ್‌ಬುರ್ಗ್ ಹತ್ತಿರ ಇನ್ನೊಮ್ಮೆ ಎಂಜಿನ್ ಬದಲಿಸಬೇಕಾಗುತ್ತಿತ್ತು. ಆ ತೊಡಕನ್ನು ಎಂಜಿನಿಯರುಗಳು ಕೆಲವು ನಿಮಿಷದ ಕೆಲಸವನ್ನಾಗಿ ಮಾಡಿದರು. ದೊಡ್ಡ ತೊಡಕು ಇದ್ದದ್ದು ಬೇರೆ ಕಡೆ. ಪ್ರೆಸ್‌ಬುರ್ಗ್ ಆಗ ಹಂಗೇರಿಯ ಆಡಳಿತದಲ್ಲಿತ್ತು. ಈ ಟ್ರಾಮು ಬಂದರೆ ಊರಿನ ವ್ಯಾಪಾರವೂ ಮನಸ್ಸೂ ಬುಡಾಪೆಸ್ಟನ್ನು ಬಿಟ್ಟು ವಿಯೆನ್ನಾದ ಕಡೆ ವಾಲುತ್ತವೆ ಎಂಬ ಆತಂಕ ಹಂಗೇರಿಯ ರಾಷ್ಟ್ರವಾದಿಗಳಿಗಿತ್ತು. ಯೋಜನೆ ವರ್ಷಗಟ್ಟಲೆ ಎಳೆದಾಡಿತು. ರೈಲು ಓಡತೊಡಗಿದ ಅರ್ಧ ವರ್ಷಕ್ಕೇ ಮಹಾಯುದ್ಧ ಬಂತು. ಯುದ್ಧ ಮುಗಿದಾಗ ಸಾಮ್ರಾಜ್ಯವೇ ಇರಲಿಲ್ಲ. ಪ್ರೆಸ್‌ಬುರ್ಗ್ ಚೆಕೊಸ್ಲೊವಾಕಿಯಾಕ್ಕೆ ಸೇರಿ ಬ್ರಾಟಿಸ್ಲಾವಾ ಆಯಿತು, ಟ್ರಾಮಿನ ದಾರಿಯ ನಡುವೆ ಪಾಸ್‌ಪೋರ್ಟು, ಸುಂಕದ ಕಟ್ಟೆ ಬಂದವು. ಹಳಿ ಅದೇ, ಬಂಡಿ ಅದೇ, ದೂರ ಅದೇ. ಪ್ರಯಾಣ ಮಾತ್ರ ಮೊದಲಿನದಾಗಿರಲಿಲ್ಲ. 1938ರಲ್ಲಿ ಪೆಟ್ರ್‌ಜಾಲ್ಕಾವನ್ನು ಹಿಟ್ಲರನ ಜರ್ಮನಿ ನುಂಗಿತು, 1945ರಲ್ಲಿ ಗಡಿಯಾಚೆಗಿನ ಓಟ ಪೂರ್ತಿ ನಿಂತಿತು. ಅದೇ ಹಳಿಯ ಮೇಲೆ ಇವತ್ತು ವಿಯೆನ್ನಾದ ಉಪನಗರ ರೈಲು ವಿಮಾನ ನಿಲ್ದಾಣವನ್ನು ದಾಟಿ ವೋಲ್ಫ್‌ಸ್ಟಾಲ್ ಎಂಬ ಹಳ್ಳಿಯವರೆಗೆ ಹೋಗುತ್ತದೆ. ಬ್ರಾಟಿಸ್ಲಾವಾಕ್ಕೆ ಇನ್ನು ಕೆಲವೇ ಕಿಲೋಮೀಟರು ಇರುವಾಗ ಹಳಿ ಮುಗಿಯುತ್ತದೆ. ಎರಡೂ ದೇಶಗಳು ಒಂದೇ ಒಕ್ಕೂಟಕ್ಕೆ, ಒಂದೇ ವೀಸಾ ವಲಯಕ್ಕೆ, ಒಂದೇ ನಾಣ್ಯಕ್ಕೆ ಸೇರಿದ ಮೇಲೂ ಆ ತುಂಡು ಮತ್ತೆ ಕೂಡಿಲ್ಲ.

ಎರಡನೆಯ ಮಹಾಯುದ್ಧದ ನಂತರದ ನಾಲ್ಕು ದಶಕಗಳಲ್ಲಿ ಯುರೋಪಿನಲ್ಲಿ ಈ ಅರವತ್ತು ಕಿಲೋಮೀಟರಿನಷ್ಟು ಉದ್ದದ ದಾರಿ ಇನ್ನೊಂದಿರಲಿಲ್ಲ. ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ಪ್ರಜೆ ಪಶ್ಚಿಮಕ್ಕೆ ಕಾಲಿಡಲು ಪಾಸ್‌ಪೋರ್ಟ್ ಒಂದೇ ಸಾಲುತ್ತಿರಲಿಲ್ಲ. ದೇಶ ಬಿಡಲು ಪ್ರತ್ಯೇಕ ಅನುಮತಿ ಪತ್ರ ಬೇಕಿತ್ತು, ವಿದೇಶಿ ಹಣ ಕೊಡುತ್ತೇವೆಂಬ ಬ್ಯಾಂಕಿನ ಒಪ್ಪಿಗೆ ಬೇಕಿತ್ತು. ಇಡೀ ಕುಟುಂಬಕ್ಕೆ ಒಟ್ಟಿಗೆ ಅನುಮತಿ ಸಿಗುವುದು ಬಲು ಕಷ್ಟವಾಗಿತ್ತು. ಗಂಡನಿಗೆ ಸಿಕ್ಕರೆ ಹೆಂಡತಿ ಮಕ್ಕಳು ಹಿಂದೆ ಉಳಿಯಬೇಕು, ಒತ್ತೆಯಂತೆ. ಈ ಎಲ್ಲ ಕಾಗದಗಳ ಹಿಂದೆ ಇದ್ದದ್ದು ಒಂದೇ ಭಯ: ಹೋದವರು ಬರುವುದಿಲ್ಲ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದ ಮೇಲೆ ಹತ್ತಾರು ಸಾವಿರ ಜನ ಹಾಗೆ ಹೋಗಿ ಬಾರದೇ ಉಳಿದದ್ದೂ ನಿಜ. ಆದರೆ ಯಾಕೆ ಬರಲಿಲ್ಲ ಎಂದು ಕೇಳಬೇಕು. ಒಮ್ಮೆ ಬಂದರೆ ಮತ್ತೆ ಹೋಗಲು ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು; ಅನುಮತಿ ಮೀರಿ ಹೊರಗೆ ಉಳಿದವರಿಗೆ ದೇಶದಲ್ಲಿ ಜೈಲು ಶಿಕ್ಷೆ ಕಾದಿರುತ್ತಿತ್ತು. ಮರಳುವ ಬಾಗಿಲು ಮುಚ್ಚಿದ್ದಾಗ ಪ್ರತಿಯೊಂದು ಹೊರಡುವಿಕೆಯೂ ಬದುಕಿಡೀ ಬದಲಿಸುವ ನಿರ್ಧಾರವಾಗುತ್ತದೆ. ಮೊರಾವಾ ಡ್ಯಾನ್ಯೂಬನ್ನು ಸೇರುವ ಡೆವೀನ್ ಕೋಟೆಯ ಬುಡದಲ್ಲಿ, ಗಡಿ ದಾಟಲು ಹೋಗಿ ಸತ್ತ ಸುಮಾರು ನಾನೂರು ಜನರ ನೆನಪಿಗೆ ನಿಲ್ಲಿಸಿದ ದ್ವಾರವೊಂದಿದೆ. ಅದೇ ಕಾಲದಲ್ಲಿ ಪೆಟ್ರ್‌ಜಾಲ್ಕಾದಲ್ಲಿ ಕಾಂಕ್ರೀಟ್ ಹಲಗೆಗಳ ಎತ್ತರದ ವಸತಿಗಳು ಗಡಿಬೇಲಿಯ ಪಕ್ಕಕ್ಕೇ ಏಳುತ್ತಿದ್ದವು. ಇವತ್ತು ಲಕ್ಷ ಜನ ಇರುವ ಬಡಾವಣೆ ಅದು. ಅಲ್ಲಿನ ಮೇಲಂತಸ್ತಿನ ಮನೆಗಳಿಗೆ ಆಸ್ಟ್ರಿಯಾದ ಹೊಲಗಳು ಕಾಣುತ್ತಿದ್ದವು, ಟಿವಿಯಲ್ಲಿ ಆಸ್ಟ್ರಿಯಾದ ಕಾರ್ಯಕ್ರಮಗಳು ಬರುತ್ತಿದ್ದವು. ವಿಯೆನ್ನಾದಲ್ಲಿ ನಾಳೆ ಮಳೆಯೋ ಬಿಸಿಲೋ ಎಂದು ತಿಳಿದಿದ್ದ ಜನಕ್ಕೆ ವಿಯೆನ್ನಾಕ್ಕೆ ಹೋಗುವ ದಾರಿ ಇರಲಿಲ್ಲ.

1989ರ ನವೆಂಬರಿನಲ್ಲಿ ಪ್ರಾಗ್, ಬ್ರಾಟಿಸ್ಲಾವಾ ಬೀದಿಗಳು ತುಂಬಿದವು. ಡಿಸೆಂಬರ್ ಮೊದಲ ವಾರ ದೇಶ ಬಿಡುವ ಅನುಮತಿ ಪತ್ರದ ಕಟ್ಟಳೆ ಹೋಯಿತು. ಡಿಸೆಂಬರ್ 10ರಂದು ಬ್ರಾಟಿಸ್ಲಾವಾದಿಂದ ಹತ್ತಾರು ಸಾವಿರ ಜನ ಕಾಲ್ನಡಿಗೆಯಲ್ಲಿ ಗಡಿ ದಾಟಿ ಆಸ್ಟ್ರಿಯಾದ ಹೈನ್‌ಬುರ್ಗ್ ಪಟ್ಟಣಕ್ಕೆ ಹೋದರು. ಈ ನಡಿಗೆಯ ಬಗ್ಗೆ ಬರೆದವರು ಸಾಮಾನ್ಯವಾಗಿ ಒತ್ತಿ ಹೇಳುವುದು ಅವರು ಹೋದದ್ದನ್ನು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರು ಮರಳಿದ್ದು. ನಲವತ್ತು ವರ್ಷ ತಂತಿ, ಕಾವಲು ಗೋಪುರ, ನಾಯಿ, ಬಂದೂಕು ಇಟ್ಟು ಸರ್ಕಾರ ತಡೆದದ್ದು ಯಾವುದನ್ನೋ ಅದು ಬಾಗಿಲು ತೆಗೆದ ದಿನ ನಡೆಯಲೇ ಇಲ್ಲ. ಜನ ಹೈನ್‌ಬುರ್ಗ್ ನೋಡಿದರು, ಆಸ್ಟ್ರಿಯಾದವರು ಕೊಟ್ಟ ಚಹಾ ಕುಡಿದರು, ಕತ್ತಲಾಗುವಾಗ ತಮ್ಮ ಊರಿಗೆ ನಡೆದು ಬಂದರು. ಮರುದಿನ ಸೋಮವಾರ. ಒಂದು ಆಡಳಿತದ ಅಡಿಪಾಯವೇ ಆಗಿದ್ದ ವಾದವನ್ನು ಇಷ್ಟು ಸರಳವಾಗಿ ಸುಳ್ಳು ಮಾಡಿದ ಇನ್ನೊಂದು ಭಾನುವಾರ ನನಗೆ ನೆನಪಿಗೆ ಬರುವುದಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಹಬ್ಬದ ಉಮೇದಿನಲ್ಲಿ ಒಂದು ದಿನ ನಡೆದು ಬಂದದ್ದು ಬೇರೆ. ಬಡ ದೇಶಕ್ಕೂ ಸಿರಿವಂತ ದೇಶಕ್ಕೂ ನಡುವೆ ಗಡಿಯನ್ನೇ ಕಾಯಂ ತೆಗೆದರೆ ಆಗುವುದು ಬೇರೆ. ಆಸ್ಟ್ರಿಯಾ ಈ ಭಯವನ್ನು ಕಾನೂನಾಗಿ ಬರೆಯಿತು. 2004ರ ಮೇ 1ರಂದು ಸ್ಲೊವಾಕಿಯಾ ಯುರೋಪಿಯನ್ ಒಕ್ಕೂಟ ಸೇರಿದಾಗ ಬ್ರಿಟನ್ ತನ್ನ ಉದ್ಯೋಗ ಮಾರುಕಟ್ಟೆಯನ್ನು ಕೂಡಲೇ ತೆರೆಯಿತು. ಆಸ್ಟ್ರಿಯಾ ನಿಯಮದಲ್ಲಿ ಅವಕಾಶವಿದ್ದ ಪೂರ್ತಿ ಏಳು ವರ್ಷ, 2011ರ ಏಪ್ರಿಲ್ ಕೊನೆಯವರೆಗೆ, ನಿರ್ಬಂಧ ಉಳಿಸಿಕೊಂಡಿತು. ಆ ನಡುವೆ 2007ರ ಡಿಸೆಂಬರ್ 21ರಂದು ಗಡಿಯ ತಪಾಸಣೆಯೇ ಹೋಯಿತು. ಏನಾಯಿತು? ಸ್ಲೊವಾಕರು ಆಸ್ಟ್ರಿಯಾದಲ್ಲಿ ಕೆಲಸಕ್ಕೆ ಹೋದರು, ಹೌದು. ಆದರೆ ಬಹಳಷ್ಟು ಜನ ಮನೆಯನ್ನು ತಮ್ಮ ದೇಶದಲ್ಲೇ ಉಳಿಸಿಕೊಂಡು ದಿನವೋ ವಾರವೋ ಓಡಾಡಿದರು. ಯಾರೂ ಎಣಿಸದಿದ್ದ ಇನ್ನೊಂದೂ ಆಯಿತು. ಬ್ರಾಟಿಸ್ಲಾವಾದಲ್ಲಿ ಮನೆಬೆಲೆ ಏರಿದಾಗ ಸ್ಲೊವಾಕ್ ಕುಟುಂಬಗಳು ಕಿಟ್ಸೆ, ವೋಲ್ಫ್‌ಸ್ಟಾಲ್, ಹೈನ್‌ಬುರ್ಗ್‌ನಂಥ ಆಸ್ಟ್ರಿಯಾದ ಗಡಿ ಊರುಗಳಲ್ಲಿ ಮನೆ ಮಾಡಿ, ಕೆಲಸಕ್ಕೆ ಬ್ರಾಟಿಸ್ಲಾವಾಕ್ಕೇ ಹೋಗತೊಡಗಿದವು. ರಾಜಧಾನಿಯ ಹೊರವಲಯ ಪಕ್ಕದ ದೇಶದೊಳಕ್ಕೆ ಬೆಳೆಯಿತು. ಶೀತಲ ಸಮರದಲ್ಲಿ ದಾರಿ ಮುಗಿದು ಮುದುಡಿಹೋಗಿದ್ದ ಹಳ್ಳಿಗಳಿಗೆ ಜನ ಬಂದರು. ಮರಳುವ ಖಾತರಿ ಇದ್ದಾಗ ಜನ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಕೆಲಸ ಒಂದು ಕಡೆ, ಮನೆ ಇನ್ನೊಂದು ಕಡೆ, ಅಜ್ಜಿ ಮೊಮ್ಮಕ್ಕಳು ಮತ್ತೊಂದು ಕಡೆ ಎಂದು ಬದುಕನ್ನು ಹೊಂದಿಸಿಕೊಳ್ಳುತ್ತಾರೆ.

ಹಾಗೆಂದು ಗಡಿ ಪೂರ್ತಿ ಅಳಿಸಿಹೋಗಿದೆ ಎಂದರೆ ಅದು ಸತ್ಯವಲ್ಲ. ಹಳಿಯ ಮೇಲಿಂದ ಹೋದದ್ದು ಸಂಬಳದ ಚೀಟಿಯಲ್ಲಿ ಉಳಿದಿದೆ. ಆಸ್ಟ್ರಿಯಾದ ಮುದುಕರನ್ನು ಅವರ ಮನೆಗಳಲ್ಲೇ ಇದ್ದು ಹಗಲೂ ರಾತ್ರಿ ನೋಡಿಕೊಳ್ಳುವವರಲ್ಲಿ ಸ್ಲೊವಾಕಿಯಾದ ಹೆಂಗಸರು ಸಾವಿರಾರು. ಎರಡು ವಾರ ಅಲ್ಲಿ, ಎರಡು ವಾರ ತಮ್ಮ ಮನೆಯಲ್ಲಿ ಎಂಬುದು ಅವರ ರೂಢಿಯ ಪಾಳಿ. 2019ರಲ್ಲಿ ಆಸ್ಟ್ರಿಯಾ ಸರ್ಕಾರ ಇಂಥವರ ಮಕ್ಕಳ ಭತ್ಯೆಯನ್ನು ಕತ್ತರಿಸಿತು. ಮಕ್ಕಳು ಬೆಳೆಯುತ್ತಿರುವ ದೇಶದಲ್ಲಿ ಖರ್ಚು ಕಡಿಮೆ, ಆದ್ದರಿಂದ ಭತ್ಯೆಯೂ ಕಡಿಮೆ ಸಾಕು ಎಂಬುದು ಅದರ ತರ್ಕ. ತೆರಿಗೆ ಮಾತ್ರ ಆಸ್ಟ್ರಿಯಾದವರಷ್ಟೇ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2022ರ ಜೂನ್‌ನಲ್ಲಿ ಇದು ಕಾನೂನುಬಾಹಿರ ತಾರತಮ್ಯ ಎಂದು ತೀರ್ಪು ಕೊಟ್ಟಿತು. ಈ ಪ್ರಕರಣವನ್ನು ನಾನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಮರಳಿ ಬರುವ ಸ್ವಾತಂತ್ರ್ಯವನ್ನು ಕಾಯುವುದು ಒಳ್ಳೆಯ ಮನಸ್ಸಲ್ಲ, ಸರ್ಕಾರಗಳ ಮೇಲೂ ಕೈ ಇರುವ ಒಂದು ಕಾನೂನು. ಅದಿಲ್ಲದಿದ್ದರೆ ಹೆಚ್ಚು ಬಲವಿರುವ ದೇಶ, ಸಂಜೆ ಮನೆಗೆ ಹೋಗುವವರನ್ನು ಅರ್ಧ ಮನುಷ್ಯರೆಂದು ಲೆಕ್ಕ ಹಾಕಲು ತಡ ಮಾಡುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಕಠಿಣ. ಒಳಗಿನ ಬಾಗಿಲು ತೆರೆದಿದೆ, ಯಾಕೆಂದರೆ ಹೊರಗಿನ ಕೋಟೆ ಭದ್ರವಾಗಿದೆ. 2015ರ ಆಗಸ್ಟ್ 27ರಂದು ಪಾರ್ನ್‌ಡೋರ್ಫ್ ಹತ್ತಿರ ಹೆದ್ದಾರಿಯ ಬದಿ ನಿಲ್ಲಿಸಿಹೋಗಿದ್ದ ಕೋಳಿಮಾಂಸ ಸಾಗಿಸುವ ಲಾರಿಯಲ್ಲಿ 71 ನಿರಾಶ್ರಿತರ ಶವಗಳು ಸಿಕ್ಕವು. ಅವರಲ್ಲಿ ನಾಲ್ಕು ಮಕ್ಕಳಿದ್ದರು. ಉಸಿರುಗಟ್ಟಿ ಸತ್ತಿದ್ದರು. ಬ್ರಾಟಿಸ್ಲಾವಾಕ್ಕೆ ಹೋಗುವ ದಕ್ಷಿಣದ ರೈಲು ನಿಲ್ಲುವ ಊರು ಅದೇ ಪಾರ್ನ್‌ಡೋರ್ಫ್. ಒಂದೇ ನೆಲದ ಮೇಲೆ ಕೆಲವರು ಕಿಟಕಿ ಬದಿ ಕೂತು ದೇಶ ದಾಟುತ್ತಾರೆ, ಕೆಲವರು ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ. ಇದನ್ನು ಮುಚ್ಚಿಟ್ಟು ಶೆಂಗೆನ್ ಬಗ್ಗೆ ಬರೆಯುವುದು ಅಪ್ರಾಮಾಣಿಕ. ಒಳಗಿನ ಬಾಗಿಲಿಗೂ ಶಾಶ್ವತದ ಖಾತರಿ ಇಲ್ಲ: 2020ರ ಸಾಂಕ್ರಾಮಿಕದಲ್ಲಿ ಈ ಗಡಿ ಮುಚ್ಚಿತು, ನಿರಾಶ್ರಿತರು ಸ್ಲೊವಾಕಿಯಾದ ಮೂಲಕ ಬರುತ್ತಿದ್ದಾರೆಂದು 2022ರ ಶರತ್ಕಾಲದಲ್ಲೂ ಮತ್ತೆ 2023ರಲ್ಲೂ ಆಸ್ಟ್ರಿಯಾ ತಾತ್ಕಾಲಿಕ ತಪಾಸಣೆ ತಂದಿತು. ಆದರೂ ಈ ಆಕ್ಷೇಪ ನನ್ನ ವಾದವನ್ನು ಕೆಡವುತ್ತದೆ ಎನಿಸುವುದಿಲ್ಲ. ಆ ಲಾರಿಯೊಳಗಿದ್ದವರಿಗೆ ಇಲ್ಲದೇ ಹೋದದ್ದು ಮರಳುವ ದಾರಿ. ಹಿಂದೆ ಯುದ್ಧ, ಮುಂದೆ ಮುಚ್ಚಿದ ಗಡಿ. ಸಿಕ್ಕ ಒಂದು ಅವಕಾಶಕ್ಕೆ ಇದ್ದ ದುಡ್ಡನ್ನೂ ಪ್ರಾಣವನ್ನೂ ಒಡ್ಡಬೇಕಾದ ಸ್ಥಿತಿ, ಡೆವೀನ್‌ನಲ್ಲಿ ಸತ್ತವರದೂ ಅದೇ ಆಗಿತ್ತು. ತೆರೆದ ಗಡಿಗೆ ಅಂಟಿದ ಕಳಂಕವೆಂದು ಇದನ್ನು ಹೇಳುವವರು, ಆ ಸಾವುಗಳು ಗಡಿ ಮುಚ್ಚಿದ್ದ ಕಡೆಯೇ ಶುರುವಾದವು ಎಂಬುದನ್ನು ಮರೆಯಬಾರದು.

ಒಂದು ದಿನದಲ್ಲಿ ಓಡಿಬಂದರೆ ಏನು ತಿಳಿಯುತ್ತದೆ, ಅದು ಬರೀ ಫೋಟೊ ಪ್ರವಾಸ ಎಂಬ ಮೂರನೆಯ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಈ ರೈಲಿನ ಡಬ್ಬಿಗಳನ್ನು ತುಂಬುವವರಲ್ಲಿ ಪ್ರವಾಸಿಗರಷ್ಟೇ ಇಲ್ಲ, ಕೆಲಸಕ್ಕೆ ಹೋಗುವವರು, ವಿದ್ಯಾರ್ಥಿಗಳು, ನೆಂಟರನ್ನು ನೋಡಲು ಹೊರಟವರು ಇದ್ದಾರೆ. ಪ್ರವಾಸಿಗರ ಮಟ್ಟಿಗೂ, ಮತ್ತೆ ಬರಬಹುದು ಎಂಬ ಧೈರ್ಯವಿದ್ದಾಗ ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಹಸಿವು ತಗ್ಗುತ್ತದೆ.

ನಮ್ಮ ಕಡೆಗೆ ಇದರಲ್ಲಿ ಪಾಠವೇನಾದರೂ ಇದೆಯೇ? ಶೆಂಗೆನ್ ಮಾದರಿಯನ್ನು ದಕ್ಷಿಣ ಏಷ್ಯಾಕ್ಕೆ ಹೊಲಿದು ಹಾಕುವ ಮಾತು ಸದ್ಯಕ್ಕೆ ಗಾಳಿಮಾತು. ನಮ್ಮಲ್ಲಿ ಎರಡು ದೇಶಗಳ ಮೇಲೂ ನಡೆಯುವ ಕಾನೂನಿಲ್ಲ, ಭಯೋತ್ಪಾದನೆಯ ಗಾಯ ಕಲ್ಪನೆಯದ್ದಲ್ಲ. ಆದರೆ ಗಡಿ ಕಾಯುವುದಕ್ಕೂ ಜನರನ್ನು ಗಂಟೆಗಟ್ಟಲೆ ಕಾಯಿಸುವುದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ನಮ್ಮದೇ ಪುರಾವೆ ಇದೆ. 1965ರ ಯುದ್ಧದಲ್ಲಿ ನಿಂತುಹೋಗಿದ್ದ ಕೋಲ್ಕತ್ತಾ–ಢಾಕಾ ರೈಲು, 2008ರ ಏಪ್ರಿಲ್ 14ರಂದು, ಬಂಗಾಳಿ ಹೊಸವರ್ಷದ ದಿನ, ಮೈತ್ರಿ ಎಕ್ಸ್‌ಪ್ರೆಸ್ ಹೆಸರಿನಲ್ಲಿ ಮತ್ತೆ ಹೊರಟಿತು. ಮೊದಮೊದಲು ಪ್ರಯಾಣಿಕರು ಗಡಿಯ ಈಚೆ ಗೆದೆಯಲ್ಲೊಮ್ಮೆ, ಆಚೆ ದರ್ಶನಾದಲ್ಲಿ ಇನ್ನೊಮ್ಮೆ ಗಂಟು ಮೂಟೆಯೊಂದಿಗೆ ಇಳಿದು ಸಾಲಿನಲ್ಲಿ ನಿಲ್ಲಬೇಕಿತ್ತು. 2017ರ ನವೆಂಬರಿನಲ್ಲಿ ಆ ತಪಾಸಣೆಯನ್ನು ಎರಡು ತುದಿಯ ನಿಲ್ದಾಣಗಳಿಗೆ, ಕೋಲ್ಕತ್ತಾಕ್ಕೆ ಮತ್ತು ಢಾಕಾ ಕಂಟೋನ್ಮೆಂಟಿಗೆ ಸ್ಥಳಾಂತರಿಸಿದರು. ಹೊಸ ಹಳಿ ಹಾಕಲಿಲ್ಲ, ಎಂಜಿನ್ನಿನ ವೇಗ ಹೆಚ್ಚಿಸಲಿಲ್ಲ. ಮೇಜುಗಳ ಜಾಗ ಬದಲಾಯಿತು, ಪ್ರಯಾಣದಲ್ಲಿ ಗಂಟೆಗಳೇ ಉಳಿದವು. ವೀಸಾ ಬೇಕೇ ಬೇಕಿತ್ತು, ಪಾಸ್‌ಪೋರ್ಟಿಗೆ ಮುದ್ರೆ ಬೀಳುತ್ತಲೇ ಇತ್ತು, ಭದ್ರತೆಯಲ್ಲಿ ಒಂದು ಎಳೆಯೂ ಸಡಿಲವಾಗಲಿಲ್ಲ. ಲಂಡನ್–ಪ್ಯಾರಿಸ್ ನಡುವೆ ಯೂರೋಸ್ಟಾರ್ ರೈಲಿನದೂ ಇದೇ ಕ್ರಮ: ಬ್ರಿಟನ್ ಶೆಂಗೆನ್‌ನಲ್ಲಿ ಎಂದೂ ಇರಲಿಲ್ಲ, ಎರಡೂ ದೇಶಗಳ ಅಧಿಕಾರಿಗಳು ರೈಲು ಹತ್ತುವ ಮೊದಲೇ ಪಾಸ್‌ಪೋರ್ಟ್ ನೋಡುತ್ತಾರೆ, ಆದರೂ ಒಂದೇ ದಿನದಲ್ಲಿ ಹೋಗಿಬರಬಹುದು.

ಅಮೃತಸರದಿಂದ ಲಾಹೋರಿಗೆ ವಿಯೆನ್ನಾ–ಬ್ರಾಟಿಸ್ಲಾವಾ ನಡುವಿನಷ್ಟೂ ದೂರವಿಲ್ಲ. 1976ರಲ್ಲಿ ಶುರುವಾದ ಸಂಝೋತಾ ಎಕ್ಸ್‌ಪ್ರೆಸ್ 2019ರ ಆಗಸ್ಟಿನಲ್ಲಿ ನಿಂತಿತು. ಆ ರೈಲಿನಲ್ಲಿ ಹೆಚ್ಚಾಗಿ ಹೋಗುತ್ತಿದ್ದವರು ವಿಭಜನೆಯಲ್ಲಿ ಹಂಚಿಹೋದ ಕುಟುಂಬಗಳವರು, ವಿಮಾನದ ದುಡ್ಡು ಹೊಂದಿಸಲಾರದವರು. 2007ರಲ್ಲಿ ಪಾಣಿಪತ್ ಹತ್ತಿರ ಬಾಂಬಿಗೆ ಸುಟ್ಟುಹೋದದ್ದೂ ಅವರೇ. ಆ ದಾಳಿಯ ನಂತರವೂ ಹನ್ನೆರಡು ವರ್ಷ ಓಡಿದ ರೈಲು ಅದು. ಅದನ್ನು ನಿಲ್ಲಿಸಿದ್ದು ಬಾಂಬಲ್ಲ, ಕೆಟ್ಟುಹೋದ ಸಂಬಂಧ. ಮೈತ್ರಿ ಎಕ್ಸ್‌ಪ್ರೆಸ್ ಸಹ ಢಾಕಾದ ಗಲಭೆಯ ದಿನಗಳಲ್ಲಿ, 2024ರ ಜುಲೈನಲ್ಲಿ, ನಿಂತಿತು. ಗಲಭೆ ತಣ್ಣಗಾದರೂ ರೈಲು ಕೂಡಲೇ ಮತ್ತೆ ಹೊರಡಲಿಲ್ಲ. ಇಂಥ ರೈಲು ನಿಂತಾಗ ಅದರಿಂದ ಏನು ನಷ್ಟವಾಯಿತೆಂದು ಲೆಕ್ಕ ಇಡುವವರು ಯಾರೂ ಇಲ್ಲ. ಸರಕಿನ ಲಾರಿ ನಿಂತರೆ ವ್ಯಾಪಾರಿಗಳ ಸಂಘ ದೂರು ಕೊಡುತ್ತದೆ. ಚಿಕಿತ್ಸೆಗೆ ಕೋಲ್ಕತ್ತಾಕ್ಕೆ ಬರಬೇಕಿದ್ದ ರೋಗಿ, ತಂಗಿಯ ಮನೆಗೆ ಹೋಗಿಬರಬೇಕಿದ್ದ ಮುದುಕಿ ಯಾವ ಸಂಘಕ್ಕೂ ಸೇರಿದವರಲ್ಲ. ಎರಡು ದೇಶಗಳ ವಿದೇಶಾಂಗ ಕಾರ್ಯದರ್ಶಿಗಳು ಮಾತುಕತೆಗೆ ಕೂತಾಗ ಪ್ರಯಾಣಿಕರ ರೈಲಿನ ವಿಷಯ ಕಾರ್ಯಸೂಚಿಯ ತುದಿಯಲ್ಲಿ, ಸೌಜನ್ಯದ ಸಾಲಾಗಿ ಬರುತ್ತದೆ. ಅದು ಮೊದಲ ಸಾಲಾಗಬೇಕು, ನದಿ ನೀರು ಮತ್ತು ಸುಂಕದ ದರದ ಜೊತೆಗೆ, ದಿನಾಂಕ ನಮೂದಿಸಿ.